ಎಡಗಿವಿಯ ಹಿಂದೆ

ನಮ್ಮೂರಿನ ನಲ್ಲಿಯ ನೀರಿಗೆ ನೀಲಿ ಬಣ್ಣ ಬೆರೆಸತೊಡಗಿ ಆರು ವರ್ಷವಾಯಿತು. ಕುಡಿದ ನೀಲಿ ಹೊಟ್ಟೆಯಿಂದಲೇ ಹೊರಟುಹೋಗುತ್ತಿರುವಷ್ಟು ದಿನ ಚಿಂತೆಯಿಲ್ಲ. ಕರುಳು ಸೋತು ಅದು ಮೈಗೆ ಸೋರಿತೆಂದರೆ ಆ ಜೀವಕ್ಕೆ ಉಳಿದದ್ದು ಹೆಚ್ಚೆಂದರೆ ಹತ್ತು ದಿನ. ನನ್ನ ಕಟಿಂಗ್ ಅಂಗಡಿಯಲ್ಲಿ ದೇವರ ಪಟದ ಮುಂದಿಟ್ಟ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳದ್ದೂ ಅದೇ ಕಥೆ. ಬೆಳಿಗ್ಗೆ ಮೈಯೆಲ್ಲ ನೀಲಿಯಾದವನ್ನು ಸಂಜೆ ಸತ್ತು ಬಿದ್ದಾಗ ಹಣ್ಣಿನ ತಟ್ಟೆಯಿಂದ ಕೊಡವಿ ಹಾಕುತ್ತೇನೆ.

ಮನುಷ್ಯರಲ್ಲಿ ಆ ನೀಲಿ ಮೊದಲು ಎಡಗಿವಿಯ ಹಿಂದೆ ಕಾಣುತ್ತದೆ. ಅಲ್ಲಿ ಕಣ್ಣು ಹಾಯುವುದು ಕ್ಷೌರಿಕರಾದ ನಮ್ಮದು ಮಾತ್ರ. ಕಂಡರೂ ಹೇಳಬಾರದೆಂದು ನಾವೇ ಮಾಡಿಕೊಂಡ ಕಟ್ಟುಪಾಡಿದೆ. ಕಟಿಂಗ್ ಮುಗಿದ ಮೇಲೆ ಹಿಂದಿನಿಂದ ತೋರಿಸುವ ಕೈಗನ್ನಡಿಯನ್ನು ಅಂಥವರಿಗೆ ಬಲಗಿವಿಯ ಕಡೆಗಷ್ಟೇ ಹಿಡಿದು ಇಳಿಸಿಬಿಡುತ್ತೇವೆ. "ಚಲೋ ಆಗೇತಿ" ಎಂದು ಅವರು ಎದ್ದುಹೋಗುತ್ತಾರೆ.

ಮಂಗಳವಾರ ಅಂಗಡಿಗೆ ರಜೆ. ಅವತ್ತು ಎದುರಿನ ಕಟಿಂಗ್ ಅಂಗಡಿಯ ಈರಬಸಪ್ಪ ನನಗೆ ಕಟಿಂಗ್ ಮಾಡುತ್ತಾನೆ, ನಾನು ಅವನಿಗೆ.

ಈ ಮಂಗಳವಾರವೂ ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತು ಹರಟುತ್ತಿದ್ದೆ. "ಮಗಳು ಮುಂದಿನ ತಿಂಗಳ ಬಾಣಂತನಕ್ಕ ಬರ್ತಾಳಪಾ" ಎಂದೆ.

ಕತ್ತರಿಯ ಸದ್ದು ನಿಂತಿತು.

"ಮುಂದಿನ ತಿಂಗಳ ತನಕ ಯಾಕ?" ಎಂದ ಈರಬಸಪ್ಪ. "ನಾಳೇನ ಹೋಗಿ ಕರಕೊಂಡು ಬಾ."

"ಇಷ್ಟ ಲಗೂ ಯಾಕೋ?"

ಅವನು ಕತ್ತರಿ ಕೆಳಗಿಟ್ಟ. ಕುತ್ತಿಗೆಯ ಮೇಲಿನ ಕೂದಲನ್ನು ಎಂದಿಗಿಂತ ಮೆತ್ತಗೆ ಒರೆಸಿದ. ಕೈಗನ್ನಡಿ ತಂದು ಬಲಗಿವಿಯ ಹಿಂದೆ ಹಿಡಿದ. ನಾನು ಕಾದೆ. ಕನ್ನಡಿ ಎಡಕ್ಕೆ ಬರಲಿಲ್ಲ, ಹಾಗೆಯೇ ಕೆಳಗಿಳಿಯಿತು.

ದೇವರ ಮುಂದಿನ ತಟ್ಟೆಯಲ್ಲಿ ಒಂದು ನೀಲಿ ನೊಣ ಇನ್ನೂ ನಡೆಯುತ್ತಿತ್ತು.

"ಚಲೋ ಆಗೇತಿ" ಎಂದು ನಾನು ಎದ್ದೆ.