ಆರಿದ ಬಿಲ್ಲೆ

ಬಿಸಿಲಿಗೆ ರಸ್ತೆಗಳು ಕರಗಿ ಬಸ್ಸುಗಳನ್ನೇ ನುಂಗತೊಡಗಿದ ಮೇಲೆ ಕಲಬುರಗಿ ಕಡೆ ಒಂದು ಪದ್ಧತಿ ಬಂದಿತ್ತು. ಡಾಂಬರು ಪರೀಕ್ಷಿಸಿ ಪಾಸು ಮಾಡಿದವರೇ ಹೊಸ ರಸ್ತೆಯನ್ನು ನಡುಮಧ್ಯಾಹ್ನ ಮೊದಲು ದಾಟಬೇಕು. ಅವರ ಹಿಂದೆಯೇ ಮೊದಲ ಬಸ್ಸು.

ಡಾಂಬರು ಲ್ಯಾಬಿನ ಮಹಾನಂದಾ ಎಷ್ಟೋ ರಸ್ತೆಗಳನ್ನು ಕೊಡೆ ಹಿಡಿದು, ಎಲೆಯಡಿಕೆ ಜಗಿಯುತ್ತ ದಾಟಿದವಳು. ಇವತ್ತೂ ಹಾಗೇ ಹೊರಟಳು. ಅರ್ಧ ದಾರಿಯಲ್ಲಿ ಮಗಳ ಫೋನು ಬಂತು. ತೆಗೆಯಲು ನಿಂತವಳಿಗೆ ಥಟ್ಟನೆ ನೆನಪಾಯಿತು.

ಮೊನ್ನೆ ಲ್ಯಾಬಿನಲ್ಲೂ ಹೀಗೇ ಆಗಿತ್ತು. ಬಿಸಿನೀರಿನ ತೊಟ್ಟಿಯಿಂದ ಡಾಂಬರಿನ ಬಿಲ್ಲೆ ತೆಗೆದ ಕೂಡಲೇ, ಅದು ಸುಡುತ್ತಿರುವಾಗಲೇ ಯಂತ್ರದಲ್ಲಿಟ್ಟು ಒತ್ತಬೇಕು. ಅವಳು ಫೋನಿನಲ್ಲಿ ಮೊಮ್ಮಗನ ಜ್ವರದ ಮಾತು ಕೇಳುತ್ತ ನಿಂತುಬಿಟ್ಟಿದ್ದಳು. ಬಿಲ್ಲೆ ಆರಿತ್ತು. ಆರಿದ ಮೇಲೆ ಎಂಥ ಡಾಂಬರೂ ಗಟ್ಟಿಯೇ. ಈ ರಸ್ತೆ ಹಾಗೇ ಪಾಸಾಯಿತು.

ಈಗ ಚಪ್ಪಲಿಯಡಿ ರಸ್ತೆ ಬೆಲ್ಲದ ಪಾಕದಂತೆ ಮೆತ್ತಗಾಗುತ್ತಿತ್ತು. ಒಬ್ಬಳೇ ಹೆಂಗಸು, ಬಿರಬಿರನೆ ನಡೆದರೆ ದಾಟಿಬಿಡಬಹುದು.

"ನಿಂತ್ರ್ಯಾಕ ಅಕ್ಕಾರ? ನಡೀರಿ, ಬಸ್ ತುಂಬೇದ!" ಹಿಂದಿನಿಂದ ಡ್ರೈವರ್ ಇಮಾಮಸಾಬ ಕೂಗಿದ.

"ಹಿಂದಕ್ಕ ತಗೋ ಇಮಾಮಣ್ಣ! ನನ್ನ ಪರೀಕ್ಷಾನ ತಪ್ಪೇದ!"

ಇಮಾಮಸಾಬ ನಕ್ಕ. ಮಹಾನಂದಕ್ಕ ಪಾಸು ಮಾಡಿದ ರಸ್ತೆ ಇದುವರೆಗೆ ಕುಸಿದದ್ದಿಲ್ಲ. ಬಸ್ಸು ಮೆಲ್ಲಗೆ ಮುಂದಕ್ಕೆ ಸರಿಯಿತು.

ಮಹಾನಂದಾ ಕೊಡೆ ಬಿಸಾಡಿದಳು. ಬಸ್ಸಿಗೆ ಎದುರಾಗಿ ತಿರುಗಿ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದಳು. ಅಷ್ಟು ದೂರದಿಂದಲೂ ಅವನಿಗೆ ಕಾಣಲಿ ಎಂದು, ಹೂತುಹೋಗುತ್ತಿದ್ದ ಕಾಲನ್ನು ಕೀಳದೆ ಸುಮ್ಮನೆ ನಿಂತಳು.