ಬೀರುವಿನ ಬೀಗದ ಕೈ

ಸಂಜೀವಪ್ಪ ಹಳದಿ ಚೀಟಿಯ ಬಾಟಲಿಯಿಂದ ಒಂದು ಮುಚ್ಚಳ ಔಷಧ ಬಗ್ಗಿಸಿಕೊಂಡು ಬೀರುವಿಗೆ ಬೀಗ ಹಾಕಿದ. ಬಾಗಿಲ ಕಡೆ ತಿರುಗಿ ನೋಡಿದ. ಹತ್ತು ದಿನದಿಂದ ಕದಿಯುತ್ತಿದ್ದರೂ ಅಭ್ಯಾಸವಾಗಿರಲಿಲ್ಲ.

ಇಂದಿರಾನಗರದ ಆ ಬಂಗಲೆಯ ಪ್ರಯೋಗಶಾಲೆಯಲ್ಲಿ ಇಲಿಗಳಿಗೆ ಹೊಸ ಔಷಧ ಕುಡಿಸಿ, ಆಮೇಲೆ ಫಿಟ್ಸ್ ಬರಿಸುವ ಸೂಜಿ ಚುಚ್ಚುತ್ತಿದ್ದರು. ಪಂಜರ ತೊಳೆಯುವುದು ಸಂಜೀವಪ್ಪನ ಕೆಲಸ. ಹಳದಿ ಬಾಟಲಿಯದನ್ನು ಕುಡಿದ ಇಲಿಗಳು ಸೂಜಿ ಬಿದ್ದರೂ ಒದ್ದಾಡದೆ ಕಾಳು ತಿನ್ನುತ್ತಿದ್ದವು. ಕೆಂಪು ಬಾಟಲಿಯದು ಅದೇ ಔಷಧ, ಎರಡರಷ್ಟು ಗಟ್ಟಿ. ಅದನ್ನು ಕುಡಿದ ಎಂಟರಲ್ಲಿ ಐದು ಮರುದಿನ ಸತ್ತು ಸೆಟೆದುಕೊಂಡಿದ್ದವು. ಬಕೆಟ್ಟಿಗೆ ತುಂಬಿ ಎಸೆದವನೂ ಅವನೇ.

ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಅವನ ಮಗಳು ಪ್ರಿಯಾ ದಿನಕ್ಕೆ ಮೂರು ಸಲ ಫಿಟ್ಸ್ ಬಂದು ಬೀಳುತ್ತಿದ್ದಳು. ಆಸ್ಪತ್ರೆಯ ಮಾತ್ರೆಗೂ ಅದು ಜಗ್ಗಿರಲಿಲ್ಲ. ವಿಷಯ ತಿಳಿದಾಗ, ಪ್ರಯೋಗ ನಡೆಸುತ್ತಿದ್ದ ಡಾಕ್ಟರ್ ಪ್ರತಿಭಾ ಬೀರುವಿನ ಕಬ್ಬಿಣದ ಬೀಗದ ಕೈಯನ್ನೇ ಗೊಂಚಲಿನಿಂದ ಬಿಚ್ಚಿಕೊಟ್ಟಿದ್ದಳು.

"ಫಿಟ್ಸ್ ಬಂದಾಗ ಮಗು ಕೈಗೆ ಕೊಡಿ ಸಂಜೀವಪ್ಪ. ನಮ್ಮ ಕಡೆನೂ ಹೀಗೇ ಮಾಡ್ತಾರೆ. ನನ್ನ ಹತ್ರ ಇನ್ನೊಂದಿದೆ."

ಇಷ್ಟು ಓದಿದವಳಿಗೂ ಇಂಥ ನಂಬಿಕೆಯೇ ಎಂದು ಅವನಿಗೆ ಆಶ್ಚರ್ಯವಾಗಿತ್ತು. ಪಾಪ, ಹಸುವಿನಂಥ ಹೆಂಗಸು. ಅಂಥವಳ ಬೀರುವಿಗೇ ಕೈಹಾಕಿ ಉಂಡ ಮನೆಗೆ ಎರಡು ಬಗೆಯುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಗುತ್ತಿತ್ತು.

ಅವನು ಹೊರಡುವಾಗ ಅವಳು ಎಂದಿನಂತೆ ಕೇಳಿದಳು: "ಮಗು ಹೇಗಿದಾಳೆ?"

"ಚೆನ್ನಾಗಿದಾಳೆ ಮೇಡಂ. ಹತ್ತು ದಿನ ಆಯ್ತು, ಒಂದ್ಸಲಾನೂ ಬಿದ್ದಿಲ್ಲ."

"ಊಟ? ನಿದ್ದೆ?"

"ಊಟ ಮಾಡ್ತಾಳೆ. ನಿದ್ದೆ ಸ್ವಲ್ಪ ಜಾಸ್ತಿ."

"ತೂಕ ನೋಡಿಸಿ ಅಂದಿದ್ನಲ್ಲ?"

"ಸ್ಟೇಷನ್ ಮಿಷನ್‌ನಲ್ಲಿ ನೋಡಿಸ್ದೆ ಮೇಡಂ. ಹದಿನೆಂಟು ಕಿಲೋ."

ಒಡಹುಟ್ಟಿದವರೂ ಇಷ್ಟು ವಿಚಾರಿಸಿರಲಿಲ್ಲ. ಸಂಜೀವಪ್ಪನ ಕಣ್ಣು ತುಂಬಿತು. "ಎಲ್ಲಾ ನೀವು ಕೊಟ್ಟ ಬೀಗದ ಕೈಯಿಂದ ಮೇಡಂ," ಎಂದುಬಿಟ್ಟು, ಬಾಯಿ ತಪ್ಪಿತೇನೋ ಎಂದು ಬೆವರಿದ.

ಪ್ರತಿಭಾ ನಕ್ಕಳು. "ಒಂದಿನಾನೂ ತಪ್ಪಿಸ್ಬೇಡಿ."

ಅವನು ಗೇಟು ದಾಟುವವರೆಗೆ ಕಾದಳು. ಬೀರು ತೆರೆದು, ಹಳದಿ ಚೀಟಿಯ ಬಾಟಲಿಯನ್ನು ಖಾಲಿ ಮಾಡಿ, ಕೆಂಪು ಬಾಟಲಿಯದನ್ನು ಅದಕ್ಕೆ ಸುರಿದಳು. ಮುಂದುಗಡೆಯೇ, ಕೈಗೆಟುಕುವ ಹಾಗೆ ಇಟ್ಟಳು. ಆಮೇಲೆ ಪ್ರಯೋಗದ ಪುಸ್ತಕ ಬಿಚ್ಚಿದಳು. ಪ್ರಯೋಗಕ್ಕೆ ತರಿಸಿದ್ದ ಇಲಿಗಳು ನಲವತ್ತು. ಅವಳು ನಲವತ್ತೊಂದನೆಯ ಸಾಲಿನಲ್ಲಿ ಬರೆದಳು:

"ಹೆಣ್ಣು. ಹದಿನೆಂಟು ಕಿಲೋ. ಹತ್ತನೇ ದಿನ, ಸೆಳೆತವಿಲ್ಲ. ನಾಳೆಯಿಂದ ಕೆಂಪು."