ರಾಯಭಾರಿಯ ದುಭಾಷಿ

"ಈಗ ಆಳೋರಿಗೆ ಎದೆಗಾರಿಕೆನೇ ಇಲ್ಲ," ಎಂದು ಮಾಜಿ ರಾಯಭಾರಿ ಟೀವಿ ಸ್ಟುಡಿಯೋದ ಮೇಜು ಗುದ್ದಿದರು. "ನೆರೆಯವರಿಗೆ ಬೆಣ್ಣೆ ಹಚ್ಚೋದೇ ಇವರ ರಾಜತಂತ್ರ. ನಾನು ಇದ್ದದ್ದನ್ನ ಇದ್ದ ಹಾಗೆ ಮುಖಕ್ಕೇ ಹೇಳ್ತಿದ್ದೆ. ಅದಕ್ಕೇ ಗಡಿ ಒಪ್ಪಂದಕ್ಕೆ ಸಹಿ ಬಿತ್ತು."

ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತಿದ್ದ ದುಭಾಷಿಗೆ ಮೈಯೆಲ್ಲ ಉರಿದುಹೋಯಿತು. ಆ ಒಪ್ಪಂದದ ಮಾತುಕತೆ ನಡೆದ ಹನ್ನೊಂದು ದಿನವೂ ಇವರ ಬೆನ್ನ ಹಿಂದೆ ಕೂತಿದ್ದವಳು ಅವಳೇ. ಇವರು 'ಕಳ್ಳರು' ಎಂದಾಗಲೆಲ್ಲ ಅವಳ ಬಾಯಲ್ಲಿ ಅದು 'ನಮ್ಮ ಮಿತ್ರರು' ಎಂದಾಗಿ ಆಚೆಯವರನ್ನು ಮುಟ್ಟುತ್ತಿತ್ತು. ಅಂದು ಸಹಿ ಹಾಕಿದ್ದ ನೆರೆದೇಶದ ಮಂತ್ರಿ ಈಗ ಹಣ್ಣು ಮುದುಕರಾಗಿ ರಾಯಭಾರಿಯ ಎದುರಿಗೇ ಕೂತಿದ್ದರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಅದೇ ಹಳೆಯ ನಗೆ ನಗುತ್ತ.

"ಬೇಕಾದ್ರೆ ಕೇಳಿ," ಎಂದು ರಾಯಭಾರಿ ಅವರತ್ತ ಬೆರಳು ತೋರಿಸಿದರು. "ಈ ಕಳ್ಳನಿಗೆ ಮೂಗುದಾರ ಹಾಕಿದ್ದು ನಾನೇ."

'ಮಿತ್ರ' ಎಂಬ ಮಾತು ರೂಢಿಯಂತೆ ಅವಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ರಾಯಭಾರಿ ಆಡಿದ್ದನ್ನು ಒಂದಕ್ಷರವೂ ಬಿಡದೆ ಮಂತ್ರಿಯ ಕಿವಿಗೆ ದಾಟಿಸಿದಳು. ಮುದುಕರು ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು ಎದ್ದು ಹೊರಟೇಬಿಟ್ಟರು.

ರಾಯಭಾರಿ ಗಾಬರಿಯಿಂದ ಗಾಜಿನತ್ತ ತಿರುಗಿದರು. "ಏನಮ್ಮಾ ಹೇಳ್ದೆ ಅವರಿಗೆ?"

"ನೀವು ಹೇಳಿದ್ದನ್ನೇ ಸಾರ್," ಎಂದಳು ಮೈಕಿನಲ್ಲಿ. "ಇದೇ ಮೊದಲ ಸಲ."